ಗ್ಲೌಸ್ ಹಾಕಿಕೊಂಡರೆ ಮಗು ಕೊಡುತ್ತೇವೆ

ನನ್ನ ಎಡ ಅಂಗೈಯಲ್ಲಿ ಏನೋ ಒಂದು ಇದೆ. ಅದಕ್ಕೆ ಹೆಸರಿಲ್ಲ. ಹೆಬ್ಬೆರಳಿನ ಬುಡದಲ್ಲಿ ಶುರುವಾಗಿ ಅಂಗೈಯ ನಡುವಿನವರೆಗೆ ಚರ್ಮ ಕೆಂಪಾಗುತ್ತದೆ, ಒಣಗುತ್ತದೆ, ಬಿರಿಯುತ್ತದೆ, ಸಿಪ್ಪೆ ಏಳುತ್ತದೆ. ಆಮೇಲೆ ತಾನೇನೂ ಮಾಡಿಯೇ ಇಲ್ಲವೆಂಬಂತೆ ಕೆಲವು ವಾರ ಸುಮ್ಮನಿರುತ್ತದೆ. ಅದು ಸುಮ್ಮನಿದ್ದಾಗಲೇ ನನಗೆ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವುದು. ಅವರು ಕೈ ತಿರುಗಿಸಿ ನೋಡಿ, ಚೆನ್ನಾಗೇ ಇದೆಯಲ್ಲ ಅನ್ನುತ್ತಾರೆ. ನಾನು ಮೊಬೈಲಿನಲ್ಲಿರುವ ಫೋಟೋ ತೋರಿಸುತ್ತೇನೆ. ಫೋಟೋ ನೋಡಿ ಹೇಳೋಕಾಗಲ್ಲಮ್ಮ ಅನ್ನುತ್ತಾರೆ. ಕೈ ನೋಡಿಯೂ ಹೇಳಲಾಗದವರು ಫೋಟೋದ ಮೇಲೆ ತಪ್ಪು ಹೊರಿಸುವುದು ನನಗೆ ಈಗ ಅಭ್ಯಾಸವಾಗಿದೆ.

ತುಮಕೂರಿನಲ್ಲಿ ನಾನು ಕೈ ತೋರಿಸದ ಚರ್ಮದ ಡಾಕ್ಟರಿಲ್ಲ. ಒಬ್ಬರು ಸೋಪು ಅಂದರು. ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಅಂದರು; ಯಾರು ತೊಳೆಯಬೇಕೆಂಬುದನ್ನು ಚೀಟಿಯಲ್ಲಿ ಬರೆಯಲಿಲ್ಲ. ಇನ್ನೊಬ್ಬರು ಫಂಗಸ್ ಅಂದರು. ಮತ್ತೊಬ್ಬರು ನನ್ನ ಕೈಯನ್ನು ನೋಡುವ ಬದಲು ಮುಖವನ್ನು ನೋಡಿ, ಟೆನ್ಷನ್ ಕಡಿಮೆ ಮಾಡ್ಕೊಳ್ಳಿ ಎಂದು ಹೇಳಿ ಮುಂದಿನ ಪೇಷೆಂಟಿಗೆ ಬೆಲ್ ಒತ್ತಿದರು. ಒಬ್ಬರು ಮಾತ್ರ ಚರ್ಮದ ಒಂದು ಚೂರು ಕತ್ತರಿಸಿ ಬೆಂಗಳೂರಿಗೆ ಕಳಿಸಿದರು. ರಿಪೋರ್ಟು ಒಂದು ಪೂರ್ತಿ ಪುಟ ಇಂಗ್ಲಿಷಿನಲ್ಲಿ ಬಂತು. ನಾನು ಬಿಎಸ್ಸಿ ಓದಿದವಳು, ಕೂತು ಓದಿದೆ. ಅದರ ಒಟ್ಟು ಸಾರಾಂಶ ಏನೆಂದರೆ, ಇದು ಚರ್ಮ, ಇದು ಕೆಂಪಾಗಿದೆ.

ಡಾಕ್ಟರುಗಳಾದರೂ ಗೊತ್ತಿಲ್ಲ ಅನ್ನುವುದನ್ನು ಸ್ವಲ್ಪ ಮುಚ್ಚಿ ಹೇಳುತ್ತಾರೆ. ಉಳಿದವರಿಗೆ ಎಲ್ಲ ಗೊತ್ತು. ವಸಂತನರಸಾಪುರದ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಅಲ್ಲಿನ ಕ್ಯಾಂಟೀನಿನಲ್ಲಿ ಪಕ್ಕಕ್ಕೆ ಕೂತವರು ಮೊದಲು ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಒತ್ತಿ, ಬೆಳಕಿಗೆ ಹಿಡಿದು ಚೆನ್ನಾಗಿ ನೋಡುತ್ತಾರೆ. ಅದೆಲ್ಲ ಮುಗಿದ ಮೇಲೆ, ಇದು ಅಂಟುತ್ತಾ ಎಂದು ಕೇಳುತ್ತಾರೆ. ಕೇಳಿ ಎದ್ದು ಹೋಗಿ ಕೈ ತೊಳೆಯುತ್ತಾರೆ. ಅಂಟುವುದಾಗಿದ್ದರೆ ಇಷ್ಟು ವರ್ಷಕ್ಕೆ ನನ್ನ ಬಲಗೈಗಾದರೂ ಅಂಟಬೇಕಿತ್ತು. ಬಲಗೈ ದಿನಾ ಅದರ ಜೊತೆಯಲ್ಲೇ ಇರುತ್ತದೆ. ಇದನ್ನು ಹೇಳಿದರೆ ನಗುತ್ತಾರೆ, ಆದರೆ ತಟ್ಟೆಯನ್ನು ಮಾತ್ರ ಸ್ವಲ್ಪ ಆ ಕಡೆಗೆ ಸರಿಸಿಕೊಳ್ಳುತ್ತಾರೆ.

ನಮ್ಮ ಜನಕ್ಕೆ ಎಡಗೈ ಅಂದರೆ ಬರೀ ಎಡಗೈ ಅಲ್ಲ. ಕೊರಳಲ್ಲಿರುವ ಲಿಂಗವನ್ನು ಬೆಳಿಗ್ಗೆ ತೆಗೆದು ಇಟ್ಟುಕೊಂಡು ಪೂಜೆ ಮಾಡುವುದು ಎಡ ಅಂಗೈಯ ಮೇಲೆ. ಹಾಗಾಗಿ ಗುಬ್ಬಿಯಲ್ಲಿರುವ ನನ್ನ ತವರಿನಲ್ಲಿ ಈ ಕಾಯಿಲೆಗೆ ಕಾರಣ ಹುಡುಕಲು ಯಾರೂ ಕಷ್ಟಪಡಲಿಲ್ಲ. ಲಿಂಗ ಹಿಡಿಯುವ ಜಾಗಕ್ಕೇ ಬಂದಿದೆ ಅಂದಮೇಲೆ ಪೂಜೆಯಲ್ಲೇ ಏನೋ ಲೋಪ ಎಂದು ಅಮ್ಮ ತೀರ್ಮಾನಿಸಿದಳು. ಅವಳ ಪ್ರಕಾರ ನಾನು ಫ್ಯಾಕ್ಟರಿ ಬಸ್ಸು ಹಿಡಿಯುವ ಅವಸರದಲ್ಲಿ ಪೂಜೆಯನ್ನು ಹಾರಿಸುತ್ತೇನೆ. ಚಿಕ್ಕಮ್ಮನ ಪ್ರಕಾರ ತಪ್ಪು ಅಂಗಡಿಯ ವಿಭೂತಿಯದು. ಅಂಗಡಿಯ ವಿಭೂತಿಯನ್ನೇ ಹಣೆ ತುಂಬ ಬಳಿದುಕೊಂಡ ಚಿಕ್ಕಪ್ಪನ ಹಣೆಗೆ ಏನೂ ಆಗಿಲ್ಲವಲ್ಲ ಅಂದರೆ, ಅವರದ್ದು ಭಕ್ತಿ ಬೇರೆ ಎಂಬ ಉತ್ತರ ಬರುತ್ತಿತ್ತು.

ಇದನ್ನೆಲ್ಲ ನಾನು ಸಹಿಸಿಕೊಂಡಿದ್ದೆ. ನನ್ನ ಕೈ, ನನ್ನ ಕಡಿತ, ಯಾರಿಗೇನು ನಷ್ಟ ಎಂದು ಇದ್ದುಬಿಟ್ಟಿದ್ದೆ. ನಷ್ಟ ಶುರುವಾದದ್ದು ತಂಗಿಗೆ ಮಗುವಾದ ಮೇಲೆ.

ತಂಗಿ ನನಗಿಂತ ತುಂಬ ಚಿಕ್ಕವಳು. ಅವಳು ಹುಟ್ಟಿದಾಗ ನಾನು ಹೈಸ್ಕೂಲಿಗೆ ಹೋಗುತ್ತಿದ್ದೆ. ಅಮ್ಮ ಕೊಬ್ಬರಿ ಒಣಗಿಸುವ ಕೆಲಸದಲ್ಲಿದ್ದರೆ ಅವಳು ನನ್ನ ಸೊಂಟದ ಮೇಲಿರುತ್ತಿದ್ದಳು. ನನಗೆ ಮಕ್ಕಳಾಗಲಿಲ್ಲ, ಅದಕ್ಕೂ ಎಲ್ಲರ ಬಳಿ ಕಾರಣಗಳಿದ್ದವು, ಅವನ್ನು ಇಲ್ಲಿ ಬರೆಯುವುದಿಲ್ಲ. ತಂಗಿಯನ್ನು ಕುಣಿಗಲ್ಲಿಗೆ ಕೊಟ್ಟಿದ್ದೆವು. ಬಾಣಂತನಕ್ಕೆ ಗುಬ್ಬಿಗೆ ಬಂದಳು, ಹೆಣ್ಣು ಮಗುವಾಯಿತು. ನಾನು ತುಮಕೂರಿನ ಮರಳೂರಿನಲ್ಲಿರುವ ನಮ್ಮ ಮನೆಯಿಂದ ಶನಿವಾರ ಶನಿವಾರ ಓಡುತ್ತಿದ್ದೆ. ಓಡಿ ಏನು ಮಾಡುತ್ತಿದ್ದೆ ಅಂದರೆ, ತೊಟ್ಟಿಲ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಮುಟ್ಟುವಂತಿರಲಿಲ್ಲ.

ಈ ಕಾನೂನು ತಂದವರು ಕುಣಿಗಲ್ಲಿನ ಬೀಗಿತ್ತಿ, ತಂಗಿಯ ಅತ್ತೆ. ಅವರು ಕೆಟ್ಟವರೇನಲ್ಲ. ಮಾತು ಮೆತ್ತಗೆ, ನಡೆಯುವಾಗ ಮಂಡಿ ಹಿಡಿದುಕೊಳ್ಳುತ್ತಾರೆ, ಸೊಸೆಗೆ ಬೆಳ್ಳುಳ್ಳಿ ತಾವೇ ಸುಲಿದು ಕಳಿಸುತ್ತಾರೆ. ತಂಗಿಯ ಮದುವೆಯಾದ ಹೊಸದರಲ್ಲಿ ನನ್ನ ಕೈ ನೋಡಿ ಅಯ್ಯೋ ಅಂದು, ಕುಣಿಗಲ್ಲಿನಿಂದಾಚೆ ಸೊಪ್ಪಿನ ಔಷಧಿ ಕೊಡುವವನೊಬ್ಬನ ಬಳಿಗೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಅವನು ಕೈ ನೋಡಲಿಲ್ಲ; ನಕ್ಷತ್ರ ಕೇಳಿದ. ಕಪ್ಪಗಿನ ಏನನ್ನೋ ಮೆತ್ತಿ ಬಟ್ಟೆ ಕಟ್ಟಿದ. ಮರುದಿನ ಅಂಗೈ ಪೂರಾ ಬೊಬ್ಬೆ ಎದ್ದಿತ್ತು. ಫೋನು ಮಾಡಿ ಹೇಳಿದರೆ ಬೀಗಿತ್ತಿಗೆ ಸಂತೋಷವಾಯಿತು. ಒಳಗಿರುವುದು ಹೊರಗೆ ಬರುತ್ತಿದೆಯಂತೆ. ಅವತ್ತಿನಿಂದ ಅವರ ಲೆಕ್ಕದಲ್ಲಿ ನನ್ನೊಳಗೆ ಏನೋ ಇದೆ ಎಂಬುದು ಖಚಿತವಾಗಿಹೋಯಿತು.

ಹೀಗಾಗಿ ಮಗುವನ್ನು ನಾನು ಎತ್ತಿಕೊಳ್ಳಬಾರದು ಎಂದಾಯಿತು. ಯಾರೂ ಬಾಯಿ ಬಿಟ್ಟು ಬೇಡ ಅನ್ನಲಿಲ್ಲ. ನಾನು ಕೈ ಚಾಚಿದರೆ ಮಗುವಿಗೆ ಆಗಲೇ ಹಸಿವಾಗುತ್ತಿತ್ತು, ಇಲ್ಲವೇ ಆಗಲೇ ನಿದ್ದೆ ಬರುತ್ತಿತ್ತು. ಅಮ್ಮ ನನ್ನ ಕೈಗೆ ಸುಲಿಯಲು ಅವರೆಕಾಯಿ ಕೊಡುತ್ತಿದ್ದಳು. ತಂಗಿ ತಲೆ ತಗ್ಗಿಸಿ ಮಗುವಿನ ಟೋಪಿ ಸರಿಮಾಡುತ್ತಿದ್ದಳು. ಬಾಣಂತಿ, ಹೊಸ ತಾಯಿ, ಅತ್ತೆಯ ಮಾತು ಮೀರುವಷ್ಟು ಶಕ್ತಿ ಅವಳಿಗೆ ಆಗಿನ್ನೂ ಬಂದಿರಲಿಲ್ಲ.

ನಾಮಕರಣ ಗುಬ್ಬಿಯಲ್ಲೇ ಎಂದು ನಿಶ್ಚಯವಾಯಿತು. ಅವತ್ತು ಅಯ್ಯನವರು ಬಂದು ಮಗುವಿಗೆ ಲಿಂಗ ಕಟ್ಟಬೇಕು, ಹೆಸರು ಕೂಗಬೇಕು. ತಂಗಿ ಯಾವ ಧೈರ್ಯ ಮಾಡಿದಳೋ, ಹೆಸರಿಡುವಾಗ ಮಗು ಅಕ್ಕನ ಮಡಿಲಲ್ಲೇ ಇರಬೇಕು ಎಂದು ಹಟ ಹಿಡಿದಳು. ದೊಡ್ಡವರೆಲ್ಲ ಒಳಗೆ ಕೂತು ಗುಸುಗುಸು ಮಾಡಿದರು. ಕೊನೆಗೆ ಬೀಗಿತ್ತಿ ಹೊರಗೆ ಬಂದು ನನ್ನ ಪಕ್ಕದಲ್ಲಿ ಮಂಡಿ ಹಿಡಿದುಕೊಂಡು ಕೂತರು.

“ಮಗೀನ ಮೈ ಎಳೇದು ಕಣವ್ವಾ. ಬ್ಯಾಡ ಅಂತಲ್ಲ. ರಾತ್ರಿ ಹಾಕ್ಕೊತೀಯಂತಲ್ಲ ಬಟ್ಟೆ ಗ್ಲೌಸು, ಅದನ್ನ ಹಾಕ್ಕೊಂಡು ಎಷ್ಟೊತ್ತು ಬೇಕಾದ್ರೂ ಕೂರುಸ್ಕೋ.”

ಆ ಗ್ಲೌಸಿನ ವಿಷಯ ಹೇಳಬೇಕು. ಕೊನೆಯ ಡಾಕ್ಟರು ಒಂದು ಬಿಳಿ ಮುಲಾಮು ಕೊಟ್ಟಿದ್ದರು. ಮೇಣದ ಹಾಗೆ ಗಟ್ಟಿ. ರಾತ್ರಿ ದಪ್ಪಗೆ ಬಳಿದು ಮೇಲೆ ಹತ್ತಿಯ ಗ್ಲೌಸ್ ಹಾಕಿಕೊಂಡು ಮಲಗಬೇಕು. ಎಷ್ಟು ಒಗೆದರೂ ಅದರ ಜಿಡ್ಡು ಬಟ್ಟೆಯಿಂದ ಹೋಗುವುದಿಲ್ಲ. ಬಿಳಿ ಗ್ಲೌಸು ತಿಂಗಳೊಳಗೆ ಹಳದಿಯಾಗಿತ್ತು. ಅದನ್ನು ನಾಮಕರಣದ ಬೆಳಿಗ್ಗೆ ಹಾಕಿಕೊಂಡಾಗ ಒಳಗೆ ಕಡಿತ ಶುರುವಾಯಿತು. ಅಮ್ಮ ಮನೆಯ ಕೊಬ್ಬರಿ ಎಣ್ಣೆಗೆ ಕರ್ಪೂರ ಪುಡಿ ಮಾಡಿ ಕಲಸಿ ತಂದು, ಗ್ಲೌಸಿನ ಬಾಯಿಯಿಂದಲೇ ಒಳಗೆ ಸುರಿದಳು. ಗುಬ್ಬಿಯಲ್ಲಿ ಕೊಬ್ಬರಿ ಎಣ್ಣೆ ವಾಸಿ ಮಾಡದ ಕಾಯಿಲೆ ಇಲ್ಲ. ಇನ್ನೇನು ಬಸವನ ಹಾಗೆ ಸಿಂಗಾರ ಆಯಿತಲ್ಲ ಎಂದು ನಾನು ಗೊಣಗಿದೆ. ಅವರೇ ಒಂದು ದಾರಿ ತೋರ್ಸವ್ರೆ, ಸುಮ್ನೆ ಕೂತ್ಕೋ ಬುಡು ಅಂದಳು ಅಮ್ಮ.

ಹತ್ತಿ, ಮೇಣ, ಎಣ್ಣೆ, ಕರ್ಪೂರ. ಕಾಲೇಜಿನಲ್ಲಿ ಮೂರು ವರ್ಷ ಕೆಮಿಸ್ಟ್ರಿ ಓದಿದ ನಾನು, ತೋಟದಲ್ಲಿ ಜೀವಮಾನವೆಲ್ಲ ದುಡಿದ ಅಮ್ಮ, ಮೂರು ಹೊತ್ತು ದೀಪ ಹಚ್ಚುವ ಬೀಗಿತ್ತಿ, ಎಲ್ಲರೂ ಸೇರಿ ಒಂದು ಬತ್ತಿ ತಯಾರು ಮಾಡಿದ್ದೆವು. ಅದರ ಮಡಿಲಲ್ಲಿ ಮಗುವನ್ನು ಇಟ್ಟೆವು.

ಮಗು ಮಡಿಲಿಗೆ ಬಂದಾಗ ನನಗೆ ಅದರ ಭಾರ ಗೊತ್ತಾಯಿತು, ಮೈ ಗೊತ್ತಾಗಲಿಲ್ಲ. ಎಡಗೈಯಲ್ಲಿ ಜಿಡ್ಡು ಬಟ್ಟೆ, ಅದರಾಚೆ ಕುಣಿಗಲ್ಲಿನವರು ತಂದ ನೈಲಾನಿನ ಫ್ರಾಕು, ಅದರ ಲೇಸು. ಆದರೂ ಮಗು ನನ್ನ ಕಡೆ ನೋಡುತ್ತಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ನಡುಮನೆಯಲ್ಲಿ ಅಯ್ಯನವರು ಮಣೆಯ ಮೇಲೆ ಕೂತಿದ್ದರು. ಅವರ ಪಾದಪೂಜೆ ಆಗಲೇ ಮುಗಿದಿತ್ತು. ಪಾದ ತೊಳೆದ ನೀರು ತಾಮ್ರದ ಅಗಲವಾದ ಪರಾತದಲ್ಲಿ ಹೂವು, ವಿಭೂತಿ ತೇಲಿಸಿಕೊಂಡು ಅಲ್ಲೇ ಇತ್ತು. ಆರತಿಯಾದ ಮೇಲೆ ಅದನ್ನೇ ತೀರ್ಥವೆಂದು ಎಲ್ಲರಿಗೂ ಕೊಡುವುದು ನಮ್ಮಲ್ಲಿ ಪದ್ಧತಿ. ಅವರ ಎಡಕ್ಕೆ ನಾನು, ನನ್ನ ಪಕ್ಕ ತಂಗಿ. ಮಗುವಿನ ಕೊರಳಿಗೆ ಲಿಂಗ ಕಟ್ಟಿ ಆಯಿತು, ಕಿವಿಯಲ್ಲಿ ಹೆಸರು ಹೇಳಿ ಆಯಿತು. ಬೀಗಿತ್ತಿ ಆರತಿ ತಟ್ಟೆ ಹಿಡಿದು ಬಂದರು. ಮೊಮ್ಮಗಳ ಆರತಿ ಅಂದಮೇಲೆ ಸಣ್ಣ ಕರ್ಪೂರ ಸಾಲುತ್ತದೆಯೇ? ಗುಡ್ಡೆ ಹಾಕಿ ಹಚ್ಚಿದ್ದರು.

ಇಲ್ಲಿಂದ ಮುಂದಿನದನ್ನು ನಾನು ದಿನಾ ನೋಡುತ್ತೇನೆ. ಲ್ಯಾಬಿನಲ್ಲಿ ಬರ್ನರ್ ಹಚ್ಚುವಾಗ, ಬಸ್ಸಿನಲ್ಲಿ ಕಿಟಕಿಯ ಬಿಸಿಲು ಕೈ ಮೇಲೆ ಬಿದ್ದಾಗ, ಸುಮ್ಮನೆ ತಲೆ ಬಾಚಿಕೊಳ್ಳುವಾಗ. ಬೀಗಿತ್ತಿ ತಟ್ಟೆ ಬೆಳಗಿದರು. ಬೆಳಗಿ, ಜ್ವಾಲೆಯ ಮೇಲೆ ಅಂಗೈ ಆಡಿಸಿ ಮಗುವಿನ ಕಣ್ಣಿಗೆ ಒತ್ತಲು ಬಗ್ಗಿದರು. ಅವರ ಮಂಡಿ ನೋವು. ಬಗ್ಗಿದವರು ಸಮ ನಿಲ್ಲಲಾರದೆ ಇನ್ನೂ ಬಗ್ಗಿದರು. ತಟ್ಟೆ ವಾಲಿ ಜ್ವಾಲೆ ಮಗುವಿನ ಮುಖದ ಕಡೆಗೆ ಬಂತು. ನನ್ನ ಬಲಗೈ ಮಗುವಿನ ಕೆಳಗಿತ್ತು. ಎಡಗೈ ತಾನೇ ಮೇಲೆದ್ದು ಅಡ್ಡ ನಿಂತಿತು.

ಮೊದಲು ಏನೂ ಆಗಲಿಲ್ಲ. ಬೆರಳ ತುದಿಯಲ್ಲಿ ನೀಲಿಯದೊಂದು ಗೆರೆ ಕಂಡಿತು, ಅಷ್ಟೇ. ಆಮೇಲೆ ಗ್ಲೌಸು ಪೂರ್ತಿ ಹಳದಿಯಾಗಿ ಉರಿಯಿತು. ಸದ್ದೇ ಇಲ್ಲ. ಬಟ್ಟೆಗೆ ಬೆಂಕಿ ಬಿದ್ದರೆ ಸದ್ದಾಗುತ್ತದೆ ಎಂದುಕೊಂಡಿದ್ದೆ, ಹಾಗಿಲ್ಲ. ಮಣಿಕಟ್ಟಿನಿಂದ ಒಂದು ಹನಿ, ಉರಿಯುತ್ತಲೇ, ಕೆಳಗೆ ಬಿತ್ತು. ಮಗುವಿನ ಕಾಲ ಬಳಿ, ಮಡಿಲಿಗೆ ಹಾಸಿದ್ದ ಟವಲಿನ ಮೇಲೆ ಬಿತ್ತು. ನೈಲಾನಿನ ಲೇಸಿಗೂ ಅದಕ್ಕೂ ನಡುವೆ ಇದ್ದ ಜಾಗ ನನಗೆ ಈಗಲೂ ಗೊತ್ತು, ಬೆರಳಲ್ಲಿ ತೋರಿಸಬಲ್ಲೆ. ಕೈ ಒದರಿದರೆ ಬೆಂಕಿ ಮಗುವಿನ ಮೇಲೆ ಬೀಳುತ್ತದೆ. ಸೀರೆಗೆ ಒರೆಸಿದರೆ ಸೀರೆ ಹತ್ತಿಕೊಳ್ಳುತ್ತದೆ, ಸೀರೆಯ ಮೇಲೆ ಮಗು ಇದೆ. ನಾನು ತೋಳನ್ನು ಎಷ್ಟಾಗುತ್ತದೋ ಅಷ್ಟು ಉದ್ದ ಚಾಚಿದೆ. ಚಾಚಿದ ಕಡೆ ನೀರು ಕಂಡಿತು. ಅದ್ದಿದೆ.

ಅಯ್ಯನವರ ಪಾದ ತೊಳೆದ ಪರಾತ ಅದು.

ತಂಗಿ ಮಗುವನ್ನು ಕಿತ್ತುಕೊಂಡು ಎದ್ದುಬಿಟ್ಟಿದ್ದಳು. ಮಗುವಿಗೆ ಏನೂ ಆಗಿರಲಿಲ್ಲ. ಅದು ಅಳಲೂ ಇಲ್ಲ. ನಾನು ಇನ್ನೂ ಕೈಯನ್ನು ನೀರಲ್ಲೇ ಇಟ್ಟುಕೊಂಡು ಕೂತಿದ್ದೆ. ಎಲ್ಲರೂ ಆ ಕಡೆಗೇ ನೋಡುತ್ತಿದ್ದರು. ಕೈ ನೋಡುತ್ತಿದ್ದಾರೆ, ಯಾರಾದರೂ ಬಂದು ಹಿಡಿದುಕೊಳ್ಳುತ್ತಾರೆ ಎಂದುಕೊಂಡೆ. ಅವರು ನೋಡುತ್ತಿದ್ದದ್ದು ನೀರನ್ನು. ಸುಟ್ಟ ಬಟ್ಟೆಯ ಚೂರು, ಜಿಡ್ಡು, ಮುಲಾಮು, ನನ್ನ ಹೆಸರಿಲ್ಲದ ಕಾಯಿಲೆ, ಎಲ್ಲ ತೀರ್ಥದಲ್ಲಿ ಬೆರೆತಿತ್ತು.

ಅಮ್ಮ ಹತ್ತಿರ ಬಂದು ಬಗ್ಗಿ, ಯಾರಿಗೂ ಕೇಳಿಸದ ಹಾಗೆ ಹೇಳಿದಳು.

“ಪಕ್ಕದಲ್ಲೇ ಬಿಂದಿಗೇಲಿ ನೀರಿತ್ತಲ್ಲೇ. ಅದುಕ್ಕೇ ಕೈ ಹಾಕ್ಬೇಕಾಗಿತ್ತಾ ನೀನು?”

ಬಿಂದಿಗೆ ಇತ್ತು. ಅದರ ಬಾಯಿ ಕಿರಿದು, ಅದರ ಮೇಲೆ ವೀಳ್ಯದೆಲೆ ಜೋಡಿಸಿ ತೆಂಗಿನಕಾಯಿ ಇಟ್ಟಿದ್ದರು. ಅಮ್ಮನ ಪ್ರಕಾರ ಹತ್ತಿ ಉರಿಯುವ ಕೈಯವಳು ಮೊದಲು ಆ ಕಾಯನ್ನು ಎತ್ತಿ ಕೆಳಗಿಟ್ಟು, ಎಲೆಗಳನ್ನು ಪಕ್ಕಕ್ಕಿಟ್ಟು, ಆಮೇಲೆ ಕೈ ಅದ್ದಬೇಕಿತ್ತು.

ಆಮೇಲೆ ನಡೆದ ಚರ್ಚೆಯನ್ನು ನಾನು ಹಿತ್ತಲಿನ ನಲ್ಲಿಯ ಕೆಳಗೆ ಕೈಯೊಡ್ಡಿ ಕೂತು ಕೇಳಿಸಿಕೊಂಡೆ. ಗೋಡೆಯಾಚೆಯಿಂದ ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಪಾದಪೂಜೆ ಇನ್ನೊಮ್ಮೆ ಆಗಬೇಕೇ ಬೇಡವೇ ಎಂಬುದು ಪ್ರಶ್ನೆ. ಬೆಂಕಿ ತಾಕಿದೆ, ಬೆಂಕಿಗೆ ಮೈಲಿಗೆ ಇಲ್ಲ ಎಂದು ಚಿಕ್ಕಪ್ಪ. ಬೆಂಕಿಗೆ ಇಲ್ಲ, ಕೈಗೆ ಇದೆಯಲ್ಲ ಎಂದು ಕುಣಿಗಲ್ಲಿನ ಕಡೆಯವರು ಯಾರೋ. ಕುಡಿದರೆ ನಮಗೂ ಬಂದರೆ ಎಂದು ಮತ್ತೊಬ್ಬರು. ಕಾಯಿಲೆ ಬರುತ್ತದೆ ಎಂಬ ಹೆದರಿಕೆ ಸರಿ, ಆದರೆ ಒಬ್ಬರ ಪಾದ ತೊಳೆದ ನೀರು ಕುಡಿಯುವಾಗ ಆ ಹೆದರಿಕೆ ಎಲ್ಲಿ ಹೋಗಿರುತ್ತದೋ ತಿಳಿಯದು. ಅಯ್ಯನವರು ತಮಗೆ ಇನ್ನೊಂದು ಮನೆಯ ಕಾರ್ಯಕ್ಕೆ ಹೊತ್ತಾಯಿತೆಂದೂ, ಮಾಡುವುದಿದ್ದರೆ ಬೇಗ ಮಾಡಿರೆಂದೂ ಹೇಳಿದರು. ಮಾಡಿದರು. ಬಿಸಿನೀರು ಕಾಯಿಸಿ ಅವರ ಪಾದವನ್ನು ಎರಡನೇ ಸಲ ತೊಳೆದರು. ಗುಬ್ಬಿಯ ಆ ಮನೆಯಲ್ಲಿ ಅವತ್ತು ಅತ್ಯಂತ ಚೊಕ್ಕಟವಾಗಿದ್ದದ್ದು ಆ ಎರಡು ಪಾದಗಳು.

ಬೀಗಿತ್ತಿಯ ಧ್ವನಿ ಮಾತ್ರ ಮೆತ್ತಗೇ ಇತ್ತು. ಅವರಿಗೆ ಒಂದೇ ವಿಷಯ ಅರ್ಥವಾಗಲಿಲ್ಲ.

“ಆರತಿ ಬಂದ್ರೆ ಕೈ ಮುಗೀತಾರೆ. ಅಡ್ಡ ಹಿಡೀತಾರಾ ಯಾರಾದ್ರೂ?”

ತೊಟ್ಟಿಲ ಹಾಡು ಶುರುವಾಗುವ ಹೊತ್ತಿಗೆ ನನ್ನ ಗಂಡ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಊರೊಳಗಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು. ಗ್ಲೌಸಿನ ಉಳಿದ ಚೂರನ್ನು ಕತ್ತರಿಯಿಂದ ಕತ್ತರಿಸುತ್ತಾ, ಸುಡದೆ ಉಳಿದ ಅಂಗೈಯ ಭಾಗವನ್ನು ನೋಡಿದರು.

“ಇದು ಮುಂಚೆ ಏನಿತ್ತು?”

“ಗೊತ್ತಿಲ್ಲ ಸಾರ್.”

“ಗೊತ್ತಿಲ್ದೆ ಗ್ಲೌಸ್ ಯಾಕ್ ಹಾಕ್ಕೊಂಡ್ರಿ?”

ಅವರು ಚೀಟಿಯಲ್ಲಿ ಸುಟ್ಟ ಗಾಯ ಎಂದು ಬರೆದರು. ಇಷ್ಟು ವರ್ಷಗಳಲ್ಲಿ ನನ್ನ ಎಡಗೈಗೆ ಒಬ್ಬ ಡಾಕ್ಟರು ಯಾವ ಅನುಮಾನವೂ ಇಲ್ಲದೆ ಕೊಟ್ಟ ಮೊದಲ ಹೆಸರು ಅದು. ಮನೆಗೆ ಬಂದು ಹೇಳಿದೆ, ಯಾರೂ ನಗಲಿಲ್ಲ.

ಗಾಯ ಮಾಯುವಷ್ಟು ದಿನ ನನ್ನ ಬಂಧುಗಳಿಗೆ ಹೊಸ ಆಸೆ ಹುಟ್ಟಿತ್ತು. ಬೆಂಕಿ ತಾಕಿದ್ದಲ್ಲದೆ ತೀರ್ಥದಲ್ಲಿ ಬೇರೆ ಅದ್ದಿದ್ದಾಳೆ, ಹಳೆಯ ಕಾಯಿಲೆ ಸುಟ್ಟುಹೋಗಿರುತ್ತದೆ ಎಂದು. ಯಾವ ನೀರನ್ನು ನಾನು ಕೆಡಿಸಿದೆ ಎಂದು ಚೆಲ್ಲಿದ್ದರೋ ಅದೇ ನೀರು ಈಗ ಔಷಧಿಯಾಗಿತ್ತು. ಚಿಕ್ಕಮ್ಮ ಫೋನು ಮಾಡಿ ಹೋಯಿತಾ ಎಂದು ವಿಚಾರಿಸುತ್ತಿದ್ದಳು. ಬ್ಯಾಂಡೇಜು ಬಿಚ್ಚಿದ ಮೇಲೆ ಸುಟ್ಟ ಕಲೆಯ ಅಂಚಿನಲ್ಲೇ ಹೊಸ ಕೆಂಪು ಎದ್ದಿತು, ಬಿರಿಯಿತು, ಸಿಪ್ಪೆ ಎದ್ದಿತು. ಅವರಿಗೆಲ್ಲ ನನ್ನ ಮೇಲೆ ಬೇಸರವಾಯಿತು. ನನಗೆ ಅವಕಾಶ ಕೊಟ್ಟರೂ ನಾನು ವಾಸಿಯಾಗಲಿಲ್ಲ.

ಬೆಂಕಿಯ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ನಾಮಕರಣದ ವಿಷಯ ಬಂದರೆ, ತೀರ್ಥದಲ್ಲಿ ಕೈ ಹಾಕಿದ ದಿನ ಅನ್ನುತ್ತಾರೆ. ಆ ಉರಿಯುವ ಹನಿಯನ್ನು ನಾನು ಬಿಟ್ಟರೆ ನೋಡಿದವರು ಯಾರೂ ಇಲ್ಲವೆಂದೇ ನಾನು ತಿಳಿದಿದ್ದೆ. ಟವಲಿನಲ್ಲಿ ಒಂದು ತೂತಾಗಿತ್ತು. ಹಳೇ ಟವಲು ಎಂದು ಅಮ್ಮ ಅದನ್ನು ನೆಲ ಒರೆಸಲು ಹಾಕಿಕೊಂಡಿದ್ದಳು. ಅದಾದ ಮೇಲೆ ನಾನು ಗುಬ್ಬಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಹೋದರೂ ತೊಟ್ಟಿಲಿನಿಂದ ದೂರ ಕೂರುತ್ತಿದ್ದೆ. ಈಗ ಯಾರೂ ನನ್ನನ್ನು ತಡೆಯಬೇಕಾಗಿರಲಿಲ್ಲ. ಅವರಿಗೆ ನನ್ನ ಕೈಯ ಭಯ. ನನಗೆ ಅವರು ಮಾಡುವ ಉಪಾಯಗಳ ಭಯ. ಎರಡೂ ಸೇರಿ ಮಗುವನ್ನು ನನ್ನಿಂದ ದೂರ ಇಟ್ಟವು.

ಐದನೇ ತಿಂಗಳಿಗೆ ತಂಗಿಯನ್ನು, ಮಗುವನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋಗಲು ಬೀಗಿತ್ತಿ ಕಾರು ಮಾಡಿಕೊಂಡು ಬಂದರು. ಗುಬ್ಬಿಯಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ ತುಮಕೂರು ಸಿಕ್ಕೇ ಸಿಗುತ್ತದೆ. ಅಕ್ಕನ ಮನೆಗೆ ಹೋಗದೆ ಮುಂದಕ್ಕೆ ಹೋಗುವುದಿಲ್ಲ ಎಂದು ತಂಗಿ ಹೇಳಿದಳಂತೆ. ಮರಳೂರಿನ ನಮ್ಮ ಮನೆಯ ಮುಂದೆ ಕಾರು ನಿಂತಿತು. ನಾನು ಕಾಫಿ ಮಾಡಿ ಬೀಗಿತ್ತಿಗೆ ಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

ತಂಗಿ ಎದ್ದು ಬಂದು ಮಗುವನ್ನು ನನ್ನ ಕಡೆಗೆ ಚಾಚಿದಳು. ಮುಖ ತೊಳ್ಕೊಂಡು ಬರ್ತೀನಿ, ಹಿಡ್ಕೋ ಅಂದಳು. ನನ್ನ ಕೈ ಮುಂದೆ ಬರಲಿಲ್ಲ. ಬೀಗಿತ್ತಿ ಲೋಟವನ್ನು ತುಟಿಯಿಂದ ಇಳಿಸಿದರು. ಅವರ ಧ್ವನಿಯಲ್ಲಿ ಕೋಪವೇನೂ ಇರಲಿಲ್ಲ, ಅದೇ ಮೆತ್ತನೆಯ ದನಿ.

“ಗ್ಲೌಸು ಬೇರೆ ಜೊತೆ ಇಲ್ವೇನವ್ವಾ ಮನೇಲಿ?”

ನಾನು ಅವರನ್ನೇ ನೋಡಿದೆ. ಅವರು ನಿಜವಾಗಿಯೂ ಕೇಳುತ್ತಿದ್ದರು.

“ಅತ್ತೆ, ನೀವು ಕಾಫಿ ಕುಡೀರಿ,” ಅಂದಳು ತಂಗಿ. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, “ಆ ಹನಿ ಬಿದ್ದಿದ್ದು ನಾನೂ ನೋಡ್ದೆ ಕಣಕ್ಕಾ. ಹಿಡ್ಕೋ.”

ಒಳಗೆ ಗ್ಯಾಸು ಇನ್ನೂ ಉರಿಯುತ್ತಿತ್ತು. ಹೋಗಿ ಆರಿಸಿದೆ. ಸಿಲಿಂಡರಿನ ತಿರುಪನ್ನೂ ತಿರುಗಿಸಿದೆ. ದೇವರ ಗೂಡಿನಲ್ಲಿ ದೀಪ ಇದೆಯೇ ಎಂದು ಇಣುಕಿದೆ, ಇರಲಿಲ್ಲ. ತಂಗಿ ಮಗುವನ್ನು ಹಿಡಿದುಕೊಂಡು ಕಾದಳು. ನಾನು ನಡುಮನೆಯ ಮಧ್ಯದಲ್ಲಿ, ಗೋಡೆಯಿಂದ, ಬಾಗಿಲಿನಿಂದ, ಎಲ್ಲದರಿಂದ ದೂರ, ನೆಲದ ಮೇಲೆ ಕೂತು ಎರಡೂ ಬರಿಗೈ ಚಾಚಿದೆ.

ಮಗು ಬೆಚ್ಚಗಿತ್ತು. ಬೆನ್ನು ಬೆವೆತಿತ್ತು. ತಲೆ ನನ್ನ ಎಡ ಅಂಗೈಯ ಮೇಲೆ ಸರಿಯಾಗಿ ಕೂತಿತು, ಕೂದಲು ಬಿರುಕುಗಳಿಗೆ ಚುಚ್ಚಿತು. ಬೀಗಿತ್ತಿ ಕಾಫಿ ಮುಗಿಸದೆ ನೋಡುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಅಂಗೈ ಕಡಿಯತೊಡಗಿತು. ಜೋರಾಗಿಯೇ ಕಡಿಯಿತು. ನಾನು ಕೈಯನ್ನು ಅಲ್ಲಾಡಿಸಲಿಲ್ಲ.